ಕಮಾಂಡ್ ಎಚ್ ಒತ್ತಿದರೆ ಪುಟವೇ ಮಾಯ

ಪ್ರಶ್ನೆ: ವಿಂಡೋಸ್‌ನಿಂದ ಮ್ಯಾಕ್‌ಗೆ ಬಂದೆ. ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಫ್ರೇಮ್ (ಪಠ್ಯ, ಚಿತ್ರ ಕೂರುವ ಚೌಕಟ್ಟು) ಅಂಚು ಮರೆಮಾಡಲು ಕಮಾಂಡ್+ಎಚ್ ಒತ್ತಿದರೆ ಇಡೀ ತಂತ್ರಾಂಶವೇ ಕಾಣೆಯಾಗುತ್ತದೆ. ಏಕೆ?

ಉತ್ತರ: ಗಾಬರಿ ಬೇಡ, ಕಡತ ಎಲ್ಲೂ ಹೋಗಿಲ್ಲ. ಪರದೆಯ ಅಂಚಿನ ಐಕಾನ್ ಸಾಲಾದ ಡಾಕ್‌ನಲ್ಲಿರುವ ಇನ್‌ಡಿಸೈನ್ ಐಕಾನ್ ಒತ್ತಿ, ಮರಳಿ ಬರುತ್ತದೆ. ಕಂಟ್ರೋಲ್ ಬದಲು ಕಮಾಂಡ್, ಆಲ್ಟ್ ಬದಲು ಆಪ್ಷನ್ ಎಂಬ ಲೆಕ್ಕ ಹೆಚ್ಚಿನ ಕಡೆ ಸರಿ. ಚಿತ್ರ ತರುವ ಕಂಟ್ರೋಲ್+ಡಿ ಇಲ್ಲಿ ಕಮಾಂಡ್+ಡಿ. ಆದರೆ ಮ್ಯಾಕ್‌ನಲ್ಲಿ ಕಮಾಂಡ್+ಎಚ್ ತಂತ್ರಾಂಶವನ್ನೇ ಮರೆಮಾಡುವ ಕೀಲಿ. ಹಾಗಾಗಿ ಅಂಚಿಗೆ ಕಂಟ್ರೋಲ್+ಕಮಾಂಡ್+ಎಚ್ ಒತ್ತಿ.

ಇನ್ನೂ ಕಾಡುವುದು ಜೂಮ್. ಪುಟ ಹಿಗ್ಗಿಸಲೆಂದು ಕಮಾಂಡ್+ಸ್ಪೇಸ್ ಒತ್ತಿದರೆ ಮ್ಯಾಕ್‌ನ ಹುಡುಕು ಪಟ್ಟಿ ಸ್ಪಾಟ್‌ಲೈಟ್ ತೆರೆಯುತ್ತದೆ. ಮೊದಲು ಸ್ಪೇಸ್, ಅದನ್ನು ಬಿಡದೆ ಕಮಾಂಡ್ ಒತ್ತಿ. ಕರ್ಸರ್ ಪಠ್ಯದೊಳಗಿದ್ದರೆ ಮಾತ್ರ ಹೀಗೆ ಮಾಡಬೇಡಿ, ಸಾಲಿನ ನಡುವೆ ಖಾಲಿ ಜಾಗ ಸೇರಿಕೊಳ್ಳುತ್ತದೆ. ಆಗ ಕಮಾಂಡ್ ಜೊತೆ ಸಮಚಿಹ್ನೆಯ (=) ಕೀಲಿಯೇ ವಾಸಿ.