ನೂರಕ್ಕೆ 27: ಆ ಅಂಕಿ ಯಾರದು?

ಹೆಸರು ಪ್ರಕಟಿಸಬಾರದೆಂಬ ಕೋರಿಕೆಯೊಂದಿಗೆ ಓದುಗರೊಬ್ಬರು ಬರೆದಿರುವ ಪತ್ರದ ಸಾರ ಇಷ್ಟು. ಅವರ 31 ವರ್ಷದ ತಮ್ಮನ ತೊಡೆಯ ಗಡ್ಡೆಯ ಬಯಾಪ್ಸಿಯಲ್ಲಿ ಆಲ್ವಿಯೋಲಾರ್ ರಾಬ್ಡೋಮಯೋಸಾರ್ಕೋಮಾ ಎಂದು ಬಂದಿದೆ; ಇದು ಸ್ನಾಯುಕೋಶಗಳನ್ನು ಹೋಲುವ ಕೋಶಗಳ, ಹೆಚ್ಚಾಗಿ ಮಕ್ಕಳಲ್ಲಿ ಕಾಣುವ ಕ್ಯಾನ್ಸರಿನ ಒಂದು ಬಗೆ. ತೊಡೆಸಂದಿನ ದುಗ್ಧಗ್ರಂಥಿಗೂ ರೋಗ ಹರಡಿದೆ. ಶ್ವಾಸಕೋಶದಲ್ಲಾಗಲಿ ಮೂಳೆಮಜ್ಜೆಯಲ್ಲಾಗಲಿ ಕಂಡಿಲ್ಲ. ಈ ಕ್ಯಾನ್ಸರ್ ಬಂದ ವಯಸ್ಕರಲ್ಲಿ ಐದು ವರ್ಷ ಬದುಕುವವರು ನೂರಕ್ಕೆ 27 ಮಂದಿ ಎಂದು ನಮ್ಮ ಕಳೆದ ಸಂಚಿಕೆಯ ಆರೋಗ್ಯ ಲೇಖನದಲ್ಲಿ ಓದಿದ ತಮ್ಮ, ಚಿಕಿತ್ಸೆಯೇ ಬೇಡವೆಂದು ಹಟ ಹಿಡಿದಿದ್ದಾನೆ. ಇಂಥ ಅಂಕಿಯನ್ನು ಅಚ್ಚು ಹಾಕಲೇಬೇಕಿತ್ತೇ, ಮಕ್ಕಳಿಗೆ ಬರುವ ಕಾಯಿಲೆ ದೊಡ್ಡವರಿಗೆ ಬಂದಾಗ ಯಾರ ಬಳಿ ಹೋಗಬೇಕು ಎಂಬುದು ಪತ್ರದ ಪ್ರಶ್ನೆ.

ಪ್ರಿಯ ಓದುಗರೇ,

ನಿಮ್ಮ ಸಂಕಟ ನಮಗೆ ಅರ್ಥವಾಗುತ್ತದೆ. ಆದರೂ ಅಂಕಿಯನ್ನು ಪ್ರಕಟಿಸಬಾರದಿತ್ತು ಎಂಬ ಮಾತನ್ನು ಒಪ್ಪಲಾರೆವು. ಅದು ಅಮೆರಿಕದ ಕ್ಯಾನ್ಸರ್ ನೋಂದಣಿಯಲ್ಲಿ 1973ರಿಂದ 2005ರವರೆಗೆ ದಾಖಲಾದ ರೋಗಿಗಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದ್ದು. ಅದರ ಪ್ರಕಾರ ಐದು ವರ್ಷ ಬದುಕಿದವರು ಮಕ್ಕಳಲ್ಲಿ ನೂರಕ್ಕೆ ಸುಮಾರು 61, ವಯಸ್ಕರಲ್ಲಿ ಸುಮಾರು 27. ಇದನ್ನು ಮುಚ್ಚಿಟ್ಟರೆ ಯಾರಿಗೂ ಉಪಕಾರವಿಲ್ಲ. ಆದರೆ ಆ 27ರೊಳಗೆ ಯಾರು ಯಾರು ಸೇರಿದ್ದಾರೆ ಎಂಬುದನ್ನು ತಿಳಿಯದೆ ಅದನ್ನು ನಿಮ್ಮ ತಮ್ಮನ ಹಣೆಬರಹವೆಂದು ಓದುವುದೂ ಸರಿಯಲ್ಲ.

ಆ ಪಟ್ಟಿಯಲ್ಲಿ ಎಪ್ಪತ್ತು ದಾಟಿದವರೂ ಇದ್ದಾರೆ, ಇಪ್ಪತ್ತರವರೂ ಇದ್ದಾರೆ. ರೋಗ ಪತ್ತೆಯಾಗುವ ಹೊತ್ತಿಗೇ ಅದು ದೂರದ ಅಂಗಗಳಿಗೆ ಹರಡಿದ್ದವರು ಇದ್ದಾರೆ. ಮಕ್ಕಳಲ್ಲಿ ಬಹುತೇಕ ಕಾಣಿಸದ, ಕೀಮೋಗೆ ಅಷ್ಟಾಗಿ ಜಗ್ಗದ ಪ್ಲಿಯೋಮಾರ್ಫಿಕ್ ಬಗೆಯವರೂ ಇದ್ದಾರೆ. ನಿಮ್ಮ ತಮ್ಮನಿಗೆ ಬಂದಿರುವ ಆಲ್ವಿಯೋಲಾರ್ ಬಗೆ ಬೇರೆ. ಅದೂ ಉಗ್ರ ಸ್ವಭಾವದ್ದೇ, ಮಕ್ಕಳಲ್ಲಿ ಹೆಚ್ಚು ಕಾಣುವ ಎಂಬ್ರಿಯೋನಲ್ ಬಗೆಗಿಂತ ಕಠಿಣವಾದದ್ದೇ. ಆದರೆ ಸಾಮಾನ್ಯವಾಗಿ ಕೀಮೋಗೆ ಕರಗುವಂಥದ್ದು. ಗಡ್ಡೆಯ ತುಣುಕಿನಲ್ಲಿ ಫಾಕ್ಸೋ1 ಜೀನಿನ ಬೆಸುಗೆ (ಆ ಜೀನು ಇನ್ನೊಂದು ಜೀನಿನೊಂದಿಗೆ ಅಸಹಜವಾಗಿ ಕೂಡಿಕೊಂಡಿರುವುದು) ಇದೆಯೇ ಎಂದು ಪರೀಕ್ಷಿಸಿದ್ದಾರೋ ಇಲ್ಲವೋ, ವರದಿಯಲ್ಲಿ ನೋಡಿ. ಪರೀಕ್ಷಿಸಿರದಿದ್ದರೆ ಕೇಳಿ, ಈಗ ವೈದ್ಯರು ಅಪಾಯದ ಮಟ್ಟ ಅಳೆಯುವಾಗ ಸೂಕ್ಷ್ಮದರ್ಶಕದಲ್ಲಿ ಕಂಡ ರೂಪಕ್ಕಿಂತ ಆ ಬೆಸುಗೆಗೇ ಹೆಚ್ಚು ತೂಕ ಕೊಡುತ್ತಾರೆ.

ನಮಗೆ ಮುಖ್ಯವೆನಿಸುವುದು ಇನ್ನೊಂದು ಸಂಗತಿ. ಈ ಕಾಯಿಲೆಯ ಮಕ್ಕಳಲ್ಲಿ ಒಂದು ಕಾಲಕ್ಕೆ ನಾಲ್ವರಲ್ಲಿ ಒಬ್ಬರು ಉಳಿಯುತ್ತಿದ್ದರು. 1972ರಲ್ಲಿ ಅಮೆರಿಕದಲ್ಲಿ ಹಲವು ಆಸ್ಪತ್ರೆಗಳು ಒಟ್ಟುಗೂಡಿ ಆರಂಭಿಸಿದ ಅಧ್ಯಯನ ಸರಣಿಯಲ್ಲಿ ರೋಗದ ಹಂತಕ್ಕೆ ತಕ್ಕಂತೆ ನಿಗದಿಯಾದ ಕ್ರಮದಲ್ಲಿ ಕೀಮೋ, ಶಸ್ತ್ರಚಿಕಿತ್ಸೆ, ವಿಕಿರಣಗಳನ್ನು ಹೆಣೆದು ಕೊಡುತ್ತ ಹೋದದ್ದರಿಂದ ಆ ಪ್ರಮಾಣ ಎರಡು ದಶಕಗಳಲ್ಲಿ ನೂರಕ್ಕೆ 70ರ ಆಸುಪಾಸಿಗೆ ಏರಿತು. ವಯಸ್ಕರ ವಿಷಯದಲ್ಲಿ ಇಂಥ ಒಗ್ಗಟ್ಟಿನ ಪ್ರಯತ್ನ ನಡೆಯಲಿಲ್ಲ. ರೋಗಿಗಳು ವಿರಳ, ಇದ್ದವರೂ ಬೇರೆ ಬೇರೆ ವಿಭಾಗಗಳಲ್ಲಿ ಹಂಚಿಹೋಗಿದ್ದರು. ಒಬ್ಬರಿಗೆ ಗಡ್ಡೆ ತೆಗೆದು ಮನೆಗೆ ಕಳಿಸಿದರೆ, ಇನ್ನೊಬ್ಬರಿಗೆ ಬೇರೆ ಸಾರ್ಕೋಮಾಗಳಿಗೆ (ಸ್ನಾಯು, ಕೊಬ್ಬು, ಮೂಳೆಯಂಥ ಅಂಗಾಂಶಗಳಲ್ಲಿ ಹುಟ್ಟುವ ಕ್ಯಾನ್ಸರ್‌ಗಳಿಗೆ) ಕೊಡುವ ಔಷಧವನ್ನೇ ಕೊಟ್ಟರು. ಇಟಲಿಯ ಮಿಲಾನ್‌ನ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ವೈದ್ಯರು ತಾವು ನೋಡಿದ 171 ವಯಸ್ಕ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2003ರಲ್ಲಿ ವರದಿ ಮಾಡಿದಾಗ, ಒಟ್ಟಾರೆ ಐದು ವರ್ಷ ಬದುಕಿದವರು ನೂರಕ್ಕೆ ಸುಮಾರು 40 ಇದ್ದರೂ, ಮಕ್ಕಳ ಚಿಕಿತ್ಸಾಕ್ರಮಕ್ಕೆ ಹತ್ತಿರವಾದ ಚಿಕಿತ್ಸೆ ಪಡೆದವರಲ್ಲಿ ಅದು ಸುಮಾರು 61 ಇತ್ತು.

ಇದನ್ನೂ ಹಿಗ್ಗಿಸಿ ಓದಬಾರದು. ಹಿಂದಿನ ದಾಖಲೆಗಳನ್ನು ನೋಡಿ ಹೇಳಿದ ಮಾತಿದು. ಪೂರ್ತಿ ಚಿಕಿತ್ಸೆಯನ್ನು ತಾಳಿಕೊಂಡವರು ಮೊದಲಿನಿಂದಲೇ ಹೆಚ್ಚು ಗಟ್ಟಿಮುಟ್ಟಾಗಿದ್ದಿರಬಹುದು. ರೋಗದ ಬಗೆ, ಜಾಗ, ಹರಡುವಿಕೆ ಮಕ್ಕಳಂತೆಯೇ ಇದ್ದ ವಯಸ್ಕರು ಸಹ ಮಕ್ಕಳಿಗಿಂತ ಹಿಂದೆಯೇ ಉಳಿದರೆಂದು 2009ರ ಅಧ್ಯಯನವೇ ಹೇಳುತ್ತದೆ. ಆದರೆ ವಯಸ್ಸನ್ನು ಯಾರೂ ಬದಲಿಸಲಾರರು, ಚಿಕಿತ್ಸೆಯನ್ನು ಬದಲಿಸಬಹುದು. ನಿಮ್ಮ ಮನೆಯಲ್ಲಿ ಈಗ ನಡೆಯಬೇಕಾದ ಚರ್ಚೆ ಆ ಎರಡನೆಯದರ ಕುರಿತು.

ಯಾರ ಬಳಿ ಹೋಗಬೇಕು ಎಂದು ಕೇಳಿದ್ದೀರಿ. ಸಾರ್ಕೋಮಾ ರೋಗಿಗಳನ್ನು ಪದೇ ಪದೇ ನೋಡುವ, ಶಸ್ತ್ರವೈದ್ಯರು, ಕೀಮೋ ವೈದ್ಯರು, ವಿಕಿರಣ ತಜ್ಞರು, ರೋಗಶಾಸ್ತ್ರಜ್ಞರು ಒಂದೇ ಮೇಜಿಗೆ ಕೂರುವ ಕೇಂದ್ರಕ್ಕೆ. ಬಾಗಿಲ ಮೇಲಿನ ಫಲಕದಲ್ಲಿ ಮಕ್ಕಳ ವಿಭಾಗ ಎಂದಿದೆಯೋ ದೊಡ್ಡವರ ವಿಭಾಗ ಎಂದಿದೆಯೋ ಎಂಬುದು ಗೌಣ. ವಿನ್‌ಕ್ರಿಸ್ಟಿನ್ ಮತ್ತು ಆಕ್ಟಿನೋಮೈಸಿನ್ ಜೊತೆಗೆ ಸೈಕ್ಲೊಫಾಸ್ಫಮೈಡ್ ಅಥವಾ ಐಫೋಸ್ಫಮೈಡ್ ಸೇರಿದ ಕೀಮೋ ಕ್ರಮವನ್ನು ಪೂರ್ಣ ಪ್ರಮಾಣದಲ್ಲಿ, ವೇಳೆ ತಪ್ಪದೆ ಕೊಡುವ ಉದ್ದೇಶವಿದೆಯೇ, ತೊಡೆಸಂದಿನ ಗ್ರಂಥಿಗೂ ವಿಕಿರಣ ಯೋಜನೆಯಲ್ಲಿ ಜಾಗವಿದೆಯೇ ಎಂದು ನೇರವಾಗಿ ಕೇಳಿ. ಮಾತ್ರೆ ರೂಪದ ಸೈಕ್ಲೊಫಾಸ್ಫಮೈಡ್ ಜೊತೆ ವಿನೊರೆಲ್ಬಿನ್ ಕೊಡುವ ಆರು ತಿಂಗಳ ಮುಂದುವರಿಕೆ ಚಿಕಿತ್ಸೆಯ ಬಗ್ಗೆಯೂ ವಿಚಾರಿಸಿ. 2019ರಲ್ಲಿ ಪ್ರಕಟವಾದ ಯುರೋಪಿನ ಪ್ರಯೋಗದಲ್ಲಿ ಅದನ್ನು ಪಡೆದವರಲ್ಲಿ ಐದು ವರ್ಷ ಬದುಕಿದವರು ನೂರಕ್ಕೆ 86.5, ಪಡೆಯದವರಲ್ಲಿ 73.7. ಅವರೆಲ್ಲರೂ ದೂರದ ಅಂಗಗಳಿಗೆ ರೋಗ ಹರಡದ, 21 ವರ್ಷ ಮೀರದವರು. ಹಾಗಾಗಿ ನಿಮ್ಮ ತಮ್ಮನಿಗೆ ಅದನ್ನು ಅನ್ವಯಿಸುವುದು ವೈದ್ಯರ ವಿವೇಚನೆಗೆ ಬಿಟ್ಟದ್ದು.

ತಮ್ಮನಿಗೆ ಚಿಕಿತ್ಸೆ ಸುಲಭವೆಂದು ಮಾತ್ರ ಹೇಳಬೇಡಿ. ಕೆಲವು ವಾರ ಕಳೆಯುವಷ್ಟರಲ್ಲಿ ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸಬಹುದು, ಮೆಟ್ಟಿಲು ಹತ್ತುವಾಗ ಪಾದದ ತುದಿ ಎಡವಬಹುದು, ಮಲಬದ್ಧತೆ ಕಾಡಬಹುದು. ಇದು ವಿನ್‌ಕ್ರಿಸ್ಟಿನ್ ನರಗಳಿಗೆ ಮಾಡುವ ಉಪದ್ರವ, ದೊಡ್ಡವರಲ್ಲಿ ಇನ್ನಷ್ಟು ಹೆಚ್ಚು. ವೊರಿಕೊನಜೋಲ್, ಇಟ್ರಾಕೊನಜೋಲ್‌ನಂಥ ಶಿಲೀಂಧ್ರ ನಿವಾರಕ ಮಾತ್ರೆಗಳು ಅದನ್ನು ವಿಪರೀತಕ್ಕೆ ಒಯ್ಯಬಲ್ಲವು; ಆದ್ದರಿಂದ ಕೀಮೋ ವೈದ್ಯರಿಗೆ ತಿಳಿಸದೆ ಬೇರೆ ಯಾವ ಮಾತ್ರೆಯನ್ನೂ ನುಂಗಬಾರದು. ಬಿಳಿರಕ್ತಕಣಗಳು ಕುಸಿದ ದಿನಗಳಲ್ಲಿ ಜ್ವರ ಬಂದರೆ ಬೆಳಗಾಗಲೆಂದು ಕಾಯದೆ ರಾತ್ರಿಯೇ ಆಸ್ಪತ್ರೆಗೆ ಹೊರಡಬೇಕು.

ತಮ್ಮನಿಗೆ ಇತ್ತೀಚೆಗಷ್ಟೇ ಮದುವೆಯಾಗಿದೆಯೆಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಸೈಕ್ಲೊಫಾಸ್ಫಮೈಡ್, ಐಫೋಸ್ಫಮೈಡ್ ಎರಡೂ ವೀರ್ಯೋತ್ಪತ್ತಿಯನ್ನು ಶಾಶ್ವತವಾಗಿ ಕುಂದಿಸಬಹುದಾದ ಔಷಧಗಳು. ಅವಸರದಲ್ಲಿ ಈ ಮಾತು ಬಿಟ್ಟುಹೋಗುವುದುಂಟು, ಮುಜುಗರದಿಂದ ಕೇಳದೆ ಉಳಿಯುವವರೂ ಉಂಟು. ಅವನು ಚಿಕಿತ್ಸೆಗೆ ಒಪ್ಪಿದ ದಿನವೇ ವೀರ್ಯ ಸಂಗ್ರಹಿಸಿಡುವ ಬಗ್ಗೆ ವೈದ್ಯರನ್ನು ಕೇಳಿ. ಅದಕ್ಕೆ ಹಿಡಿಯುವುದು ಒಂದೆರಡು ದಿನ. ಆದರೆ ಮೊದಲ ಕೀಮೋಗೆ ಮುಂಚೆಯೇ ಅದು ಮುಗಿದಿರಬೇಕು.