ಹಳೆಯ ಕಾರಿನ ತಗಡು ಮತ್ತು ಬಣ್ಣದ ಕೆಲಸ: ಗ್ಯಾರೇಜು ಗೊತ್ತುಮಾಡುವ ಮುನ್ನ

ಪ್ರಶ್ನೆ: ನಮ್ಮ ತಂದೆಯವರು ಕೊಂಡಿದ್ದ 1968ರ ಫಿಯಟ್ 1100 ಡಿಲೈಟ್ ಕಾರು ಹಲವು ವರ್ಷಗಳಿಂದ ಮನೆಯ ಶೆಡ್ಡಿನಲ್ಲಿ ನಿಂತಿದೆ. ಎಂಜಿನ್ ಚಾಲೂ ಆಗುತ್ತದೆ. ಆದರೆ ಬಾಗಿಲುಗಳ ಕೆಳಭಾಗ ಮತ್ತು ಒಳಗಿನ ನೆಲದ ತಗಡು ತುಕ್ಕು ಹಿಡಿದಿವೆ. ಒಂದು ಗ್ಯಾರೇಜಿನವರು ಗಾಡಿಯನ್ನು ಒಮ್ಮೆ ಸುತ್ತಿ ನೋಡಿ, ಒಂದೇ ತಿಂಗಳಲ್ಲಿ ಹೊಸದರಂತೆ ಮಾಡಿಕೊಡುತ್ತೇವೆಂದು ಒಟ್ಟು ಮೊತ್ತವನ್ನು ಬಾಯಿಮಾತಿನಲ್ಲಿ ಹೇಳಿದರು. ಇನ್ನೊಬ್ಬರು, ಬಣ್ಣ ಕೆರೆದು ನೋಡದೆ ಖರ್ಚು ಹೇಳಲಾಗದು ಎನ್ನುತ್ತಾರೆ. ಯಾರನ್ನು ನಂಬಬೇಕು?
— ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ಎರಡನೆಯವರನ್ನು ನಂಬಿರಿ. ಅವರ ಮಾತು ಹಿಡಿತಕ್ಕೆ ಸಿಗದ್ದೆಂದು ನಿಮಗೆ ಅನಿಸಿರಬಹುದು; ಆದರೆ ಬಣ್ಣದ ಕೆಳಗೆ ಎಷ್ಟು ತಗಡು ಉಳಿದಿದೆಯೆಂಬುದು ತಿಳಿಯುವ ಮೊದಲು ಒಟ್ಟು ಮೊತ್ತ ಹೇಳುವವರು, ತುಕ್ಕಿನ ಮೇಲೆ ಪುಟ್ಟಿ ಹಚ್ಚಿ ಆ ಮೊತ್ತದೊಳಗೇ ಕೆಲಸ ಮುಗಿಸುವ ಸಂಭವವೇ ಹೆಚ್ಚು. ಹಾಗೆ ಮುಗಿಸಿದ ಗಾಡಿ ಮೊದಲ ದಿನ ಕನ್ನಡಿಯಂತೆ ಹೊಳೆಯುತ್ತದೆ. ಬೆಳಗಾವಿಯ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಪುಟ್ಟಿ ಒಳಗಿನಿಂದ ತೇವ ಹೀರಿಕೊಂಡು, ಬಾಗಿಲ ಅಂಚಿನಲ್ಲಿ ಬಣ್ಣ ಗುಳ್ಳೆಯೇಳಲು ತೊಡಗುತ್ತದೆ.

ನಿಮ್ಮ ಕಾರಿನ ರಚನೆಯನ್ನು ತಿಳಿದುಕೊಂಡರೆ ಈ ಎಚ್ಚರಿಕೆ ಏಕೆಂಬುದು ಸ್ಪಷ್ಟವಾಗುತ್ತದೆ. ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ತಯಾರಿಸುತ್ತಿದ್ದ, ಮುಂದೆ ಪ್ರೀಮಿಯರ್ ಪದ್ಮಿನಿ ಎಂದು ಹೆಸರಾದ ಈ ಗಾಡಿಗೆ ಜೀಪಿನಂತೆ ಬೇರೆಯಾದ ಚಾಸಿ, ಅಂದರೆ ಭಾರ ಹೊರುವ ಅಡಿಚೌಕಟ್ಟು, ಇಲ್ಲ. ಬಾಡಿಯ ತಗಡೇ ಭಾರವನ್ನೆಲ್ಲ ಹೊರುತ್ತದೆ. ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ಪೆಟ್ಟಿಗೆಯಾಕಾರದ ಪಟ್ಟಿಗಳು ಅಲಂಕಾರದವಲ್ಲ, ಅವು ಗಾಡಿಯ ಬೆನ್ನೆಲುಬು. ಅವುಗಳನ್ನು ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಪೈಪು ಬೆಸೆದು ಆಧಾರ ಕೊಡದಿದ್ದರೆ ಬಾಡಿ ಕುಸಿಯುತ್ತದೆ. ಆಮೇಲೆ ಎಷ್ಟೇ ಬಣ್ಣ ಬಳಿದರೂ ಬಾಗಿಲುಗಳು ಸರಿಯಾಗಿ ಕೂಡುವುದಿಲ್ಲ. ಆದ್ದರಿಂದ ಮಿಸ್ತ್ರಿಯವರಿಗೆ ನೀವು ಕೇಳಬೇಕಾದ ಮೊದಲ ಪ್ರಶ್ನೆ ಬಣ್ಣದ ಕಂಪನಿಯದಲ್ಲ: ಈ ಪಟ್ಟಿಯನ್ನು ಬದಲಿಸುವಾಗ ಗಾಡಿಗೆ ಎಲ್ಲೆಲ್ಲಿ ಆಧಾರ ಕೊಡುತ್ತೀರಿ ಎಂಬುದು. ಗಾಡಿಯ ಬಳಿ ಕೂತು, ಕೈಯಿಟ್ಟು ತೋರಿಸಿ ವಿವರಿಸುವವರು ಸಿಕ್ಕರೆ ಅರ್ಧ ಚಿಂತೆ ಕಳೆದಂತೆ.

ಎರಡನೆಯ ಪ್ರಶ್ನೆ ಬೆಸುಗೆಯ ಬಗ್ಗೆ. ಸುಮಾರು ಒಂದು ಮಿಲಿಮೀಟರ್ ದಪ್ಪದ ತಗಡಿಗೆ ಗೇಟು, ಗ್ರಿಲ್ಲುಗಳಿಗೆ ಬಳಸುವ ಆರ್ಕ್ ವೆಲ್ಡಿಂಗ್ ಮಾಡಿದರೆ ತಗಡು ಸುಟ್ಟು ತೂತಾಗುತ್ತದೆ. ತೆಳು ತಂತಿಯನ್ನು ಕರಗಿಸಿ ಬೆಸೆಯುವ ಮಿಗ್ ವೆಲ್ಡಿಂಗ್ ಯಂತ್ರವಿರಬೇಕು, ಇಲ್ಲವೇ ಗ್ಯಾಸ್ ಬೆಸುಗೆಯಲ್ಲಿ ಪಳಗಿದ ಕೈಯಿರಬೇಕು. ಕೊಳೆತ ಭಾಗವನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ತೆಗೆದು, ಅದೇ ಅಳತೆಯ ಹೊಸ ತಗಡನ್ನು ಅಂಚಿಗೆ ಅಂಚು ಕೂಡಿಸಿ ಬೆಸೆಯುವುದು ಸರಿಯಾದ ಕ್ರಮ. ಹಳೆಯದರ ಮೇಲೆಯೇ ಹೊಸ ತಗಡಿನ ತೇಪೆ ಹಾಕಿ ರಿವೆಟ್ ಹೊಡೆದರೆ ಎರಡರ ನಡುವೆ ನೀರು ನಿಂತು ತುಕ್ಕು ಮತ್ತೆ ಅಲ್ಲಿಂದಲೇ ಶುರುವಾಗುತ್ತದೆ. ಪುಟ್ಟಿಯನ್ನು ಬಳಸಲೇಬಾರದೆಂದು ನಾನು ಹೇಳುತ್ತಿಲ್ಲ. ತಗಡನ್ನು ಬಡಿದು ಸಮ ಮಾಡಿದ ಬಳಿಕ ಉಳಿದ ಏರುತಗ್ಗಿಗೆ ಅದು ಬೇಕು, ಆದರೆ ಎರಡು ಮೂರು ಮಿಲಿಮೀಟರಿಗಿಂತ ದಪ್ಪವಾಗಬಾರದು.

ಹಳೆಯ ಬಣ್ಣ ತೆಗೆಯುವ ವಿಷಯದಲ್ಲಿ ನಮ್ಮ ಊರಿಗೇ ಸಂಬಂಧಿಸಿದ ಒಂದು ಮಾತು. ಉದ್ಯಮಬಾಗದ ಫೌಂಡ್ರಿಗಳಿಂದಾಗಿ ಶಾಟ್ ಬ್ಲಾಸ್ಟಿಂಗ್, ಅಂದರೆ ಲೋಹದ ಸಣ್ಣ ಗುಂಡುಗಳನ್ನು ರಭಸದಿಂದ ಹೊಡೆದು ಮೇಲ್ಮೈ ಶುಚಿ ಮಾಡುವ ಕೆಲಸ, ಇಲ್ಲಿ ಎಲ್ಲರಿಗೂ ಪರಿಚಿತ. ಅಗ್ಗವಾಗಿ, ಬೇಗ ಆಗುತ್ತದೆಂದು ಬಾನೆಟ್ಟನ್ನು ಅಲ್ಲಿಗೆ ಕಳುಹಿಸೋಣ ಎಂದು ಯಾರಾದರೂ ಸೂಚಿಸಬಹುದು. ದಯವಿಟ್ಟು ಒಪ್ಪಬೇಡಿ. ಎರಕದ ದಪ್ಪ ಬಿಡಿಭಾಗಗಳಿಗೆ ಹೊಂದುವ ಆ ಹೊಡೆತಕ್ಕೆ ಬಾನೆಟ್, ಟಾಪು, ಬಾಗಿಲುಗಳಂಥ ಅಗಲವಾದ ತೆಳು ತಗಡು ಸೊಟ್ಟಗಾಗುತ್ತದೆ ಮತ್ತು ಅದನ್ನು ಮೊದಲಿನಂತೆ ಮಾಡುವುದು ಬಹಳ ಕಷ್ಟ. ಅಂಥ ಭಾಗಗಳ ಬಣ್ಣವನ್ನು ಪೇಂಟ್ ರಿಮೂವರ್ ಹಚ್ಚಿ ಕೈಯಿಂದಲೇ ಕೆರೆಯಬೇಕು. ಬರಿಯ ತಗಡು ಹೊರಬಂದ ದಿನವೇ ತುಕ್ಕು ತಡೆಯುವ ಅಡಿಬಣ್ಣವಾದ ಎಪಾಕ್ಸಿ ಪ್ರೈಮರ್ ಬೀಳಬೇಕು. ಈ ಕಾರಣಕ್ಕೆ ಗಾಡಿಯನ್ನು ಜೂನ್‌ನಲ್ಲಿ ಕೊಡದೆ, ಮಳೆ ಹಿಂದೆಗೆದ ಮೇಲೆ ಅಕ್ಟೋಬರ್ ಕೊನೆಗೆ ಕೊಡುವುದು ಒಳ್ಳೆಯದು. ತೇವದ ಗಾಳಿಯಲ್ಲಿ ಹೊಡೆದ ಬಣ್ಣದ ಮೇಲೆ ಬಿಳಿಯ ಮಬ್ಬು ಕೂಡುತ್ತದೆ.

ಗ್ಯಾರೇಜಿನವರು ತೋರಿಸುವ ಹೊಸ ಕೆಲಸಕ್ಕಿಂತ, ಅವರು ಮಾಡಿಕೊಟ್ಟು ಎರಡು ಮಳೆಗಾಲ ಕಂಡ ಗಾಡಿಯೊಂದನ್ನು ನೋಡಲು ಕೇಳಿರಿ. ಬಾಗಿಲುಗಳ ಕೆಳ ಅಂಚು, ಚಕ್ರದ ಮೇಲಿನ ಕಮಾನು, ಗಾಜಿನ ರಬ್ಬರಿನ ಸುತ್ತ ಬಟ್ಟೆ ಸುತ್ತಿದ ಸಣ್ಣ ಚುಂಬಕವನ್ನು ಇಟ್ಟು ನೋಡಿರಿ. ಅದು ಹಿಡಿಯದೆ ಜಾರಿದರೆ ಅಲ್ಲಿ ಪುಟ್ಟಿ ದಪ್ಪವಾಗಿದೆ. ಬಾಗಿಲ ತಳದಲ್ಲಿ ನೀರು ಹೊರಹೋಗುವ ತೂತುಗಳು ತೆರೆದಿವೆಯೇ ಎಂಬುದನ್ನೂ ಗಮನಿಸಿರಿ. ಅವುಗಳನ್ನು ಮುಚ್ಚಿ ಬಣ್ಣ ಹೊಡೆಯುವ ಗ್ಯಾರೇಜಿಗೆ ನಾನಾದರೆ ಗಾಡಿ ಕೊಡುವುದಿಲ್ಲ.

ಗಾಡಿ ಒಪ್ಪಿಸುವ ಮುನ್ನ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ (ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಮೂಡಿಸಿದ ಅಚ್ಚು) ತೆಗೆದಿಟ್ಟುಕೊಂಡು, ಆ ಜಾಗವನ್ನು ಉಜ್ಜಬಾರದು, ಬಣ್ಣದಡಿ ಮುಚ್ಚಬಾರದು ಎಂದು ಬರೆದುಕೊಡಿರಿ. ಮೂಲ ಬಣ್ಣದ ಮಾದರಿ ಡ್ಯಾಶ್‌ಬೋರ್ಡಿನ ಒಳಬದಿಯಲ್ಲಿ ಬಿಸಿಲು ತಾಗದೆ ಉಳಿದಿರುತ್ತದೆ, ಅದಕ್ಕೆ ಹೊಂದಿಸಿರಿ. ಬೇರೆ ಬಣ್ಣ ಬಯಸಿದರೆ ಆರ್‌ಸಿಯಲ್ಲಿ ಆರ್‌ಟಿಒ ಕಚೇರಿಯಿಂದ ತಿದ್ದುಪಡಿ ಮಾಡಿಸಬೇಕಾಗುತ್ತದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದಂತೆ, 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದಿರುವ ಗಾಡಿಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಮೈಸೂರು ರಾಜ್ಯದ ಕಾಲದ ನಿಮ್ಮ ಹಳೆಯ ನಂಬರನ್ನೂ ಉಳಿಸಿಕೊಳ್ಳಬಹುದು. ಆದರೆ ಬಾಡಿಯ ರೂಪವನ್ನೇ ಬದಲಿಸಿದ ಗಾಡಿಗೆ ಆ ಅವಕಾಶವಿಲ್ಲ. ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ್‍ಯಾಲಿಗಳಂಥ ಉದ್ದೇಶಗಳಿಗಲ್ಲದೆ ದಿನನಿತ್ಯ ಓಡಿಸುವಂತಿಲ್ಲವೆಂಬುದು ನೆನಪಿರಲಿ.

ಪ್ರಶ್ನೆ: ನನ್ನ ಪದ್ಮಿನಿ ಕಾರನ್ನು ಬಣ್ಣಕ್ಕೆ ಕೊಟ್ಟು, ಹೆಚ್ಚುಕಡಿಮೆ ಪೂರ್ತಿ ಹಣವನ್ನು ಮುಂಗಡವಾಗಿಯೇ ಕೊಟ್ಟಿದ್ದೇನೆ. ತಿಂಗಳುಗಳು ಕಳೆದರೂ ಗಾಡಿ ಬಿಚ್ಚಿದ ಸ್ಥಿತಿಯಲ್ಲೇ ಇದೆ. ಈಗ ಇನ್ನಷ್ಟು ಹಣ ಕೊಡದೆ ಗಾಡಿ ಒಯ್ಯುವಂತಿಲ್ಲ ಎನ್ನುತ್ತಾರೆ. ಕಾನೂನಿನಲ್ಲಿ ಇದಕ್ಕೆ ಅವಕಾಶವಿದೆಯೇ?
— ಓದುಗರು, ವಿಜಯಪುರ

ಉತ್ತರ: ಭಾಗಶಃ ಇದೆ, ಆದರೆ ಅವರು ಹೇಳುವ ರೀತಿಯಲ್ಲಿ ಅಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 170ನೇ ಕಲಮಿನ ಪ್ರಕಾರ, ಒಪ್ಪಿಸಿದ ವಸ್ತುವಿನ ಮೇಲೆ ತನ್ನ ಶ್ರಮ ಅಥವಾ ಕೌಶಲದಿಂದ ಒಪ್ಪಂದದಂತೆ ಕೆಲಸ ಮಾಡಿದವನು, ಬೇರೆ ಕರಾರಿಲ್ಲದಿದ್ದರೆ, ಆ ಕೆಲಸದ ಕೂಲಿ ಸಲ್ಲುವವರೆಗೆ ವಸ್ತುವನ್ನು ಇಟ್ಟುಕೊಳ್ಳಬಹುದು. ಮಾಡದ ಕೆಲಸದ ಹಣಕ್ಕಾಗಿ ಈ ಹಕ್ಕು ಇಲ್ಲ. ಗಾಡಿ ಅವರ ವಶದಲ್ಲಿರುವಷ್ಟು ಕಾಲ ಅದನ್ನು ಸಾಮಾನ್ಯ ವಿವೇಕವುಳ್ಳವನು ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಂತೆ ಜೋಪಾನ ಮಾಡುವ ಹೊಣೆಯನ್ನು 151ನೇ ಕಲಮು ಅವರ ಮೇಲೆ ಹೊರಿಸುತ್ತದೆ.

ಮೊದಲು ಗ್ಯಾರೇಜಿಗೆ ಹೋಗಿ, ಆಗಿರುವ ಕೆಲಸದ ಮತ್ತು ಬಿಚ್ಚಿಟ್ಟ ಪ್ರತಿಯೊಂದು ಭಾಗದ ಫೋಟೊ ತೆಗೆದುಕೊಳ್ಳಿರಿ. ಬಳಿಕ, ಇದುವರೆಗಿನ ಕೆಲಸದ ಲೆಕ್ಕ ಮತ್ತು ಮುಗಿಸುವ ದಿನಾಂಕವನ್ನು ಕೇಳಿ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಕಳುಹಿಸಿರಿ. ಅನೇಕ ತಕರಾರುಗಳು ಇಷ್ಟಕ್ಕೇ ಇತ್ಯರ್ಥವಾಗುತ್ತವೆ. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿರಿ, ಅಥವಾ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗದ ಮೊರೆ ಹೋಗಿರಿ. ದೂರಿಗೆ ಕಾರಣ ಉಂಟಾದ ದಿನದಿಂದ ಎರಡು ವರ್ಷಗಳೊಳಗೆ ಅರ್ಜಿ ಸಲ್ಲಬೇಕು. ಹಣ ಕೊಟ್ಟ ರಸೀದಿಯಿಲ್ಲದಿದ್ದರೆ ಬ್ಯಾಂಕಿನ ಅಥವಾ ಫೋನ್ ಪಾವತಿಯ ದಾಖಲೆ ಹಾಗೂ ವಾಟ್ಸಾಪ್ ಸಂದೇಶಗಳನ್ನು ಜೋಪಾನವಾಗಿಡಿರಿ.

ಇನ್ನು ಗಾಡಿ ಕೊಡಲಿರುವ ಓದುಗರಿಗೂ ಇಲ್ಲೇ ಹೇಳಿಬಿಡುತ್ತೇನೆ: ಮುಂಗಡವನ್ನು ಸಾಮಗ್ರಿಗೆ ತಗಲುವಷ್ಟಕ್ಕೆ ಸೀಮಿತಗೊಳಿಸಿ, ಬಣ್ಣ ಕೆರೆದಾಗ, ತಗಡಿನ ಕೆಲಸ ಮುಗಿದಾಗ, ಪ್ರೈಮರ್ ಬಿದ್ದಾಗ ಹೀಗೆ ಕಣ್ಣಾರೆ ಕಂಡು ಕಂತು ಕೊಡಿರಿ. ಕ್ರೋಮ್ ಪಟ್ಟಿ, ಲಾಂಛನ, ದೀಪದ ರಿಂಗುಗಳನ್ನು ಚೀಟಿ ಅಂಟಿಸಿ ಮನೆಗೆ ತನ್ನಿರಿ. ಹೋದರೆ ಅವು ಮತ್ತೆ ಸಿಗುವುದು ದುರ್ಲಭ.

ಪ್ರಶ್ನೆ: 1986ರ ಅಂಬಾಸಿಡರ್ ಕಾರಿಗೆ ಎನ್‌ಸಿ ಬಣ್ಣ ಹೊಡೆಸಬೇಕೋ, ಪಿಯು ಬಣ್ಣವೋ?
— ಓದುಗರು, ಬಾಗಲಕೋಟೆ

ಉತ್ತರ: ಎನ್‌ಸಿ ಎಂದರೆ ನೈಟ್ರೋಸೆಲ್ಯುಲೋಸ್ ಬಣ್ಣ; ಪಿಯು ಎಂದರೆ ಹಾರ್ಡನರ್ ಎಂಬ ಗಟ್ಟಿಗೊಳಿಸುವ ದ್ರವ ಬೆರೆಸಿ ಹೊಡೆಯುವ ಪಾಲಿಯುರೆಥೇನ್ ಬಣ್ಣ. ದೂಳು ಬರದಂತೆ ಮುಚ್ಚಿದ ಬೂತ್ ಇರುವ ಗ್ಯಾರೇಜು ಸಿಕ್ಕರೆ ಪಿಯು ಹೊಡೆಸಿರಿ, ಬಿಸಿಲನ್ನೂ ಚೆಲ್ಲಿದ ಪೆಟ್ರೋಲನ್ನೂ ಅದು ಚೆನ್ನಾಗಿ ತಡೆಯುತ್ತದೆ. ಬೂತ್ ಇಲ್ಲದ ಕಡೆ ಬೇಗ ಒಣಗುವ ಎನ್‌ಸಿಯೇ ಮೇಲು. ಅದು ಬೇಗ ಮಂಕಾಗುತ್ತದೆ ನಿಜ, ಆದರೆ ಗೀರು ಬಿದ್ದ ಜಾಗಕ್ಕಷ್ಟೇ ಮತ್ತೆ ಹೊಡೆದು ಪಾಲಿಶ್ ಮಾಡಬಹುದು. ಪಿಯು ಬಣ್ಣದ ಹಾರ್ಡನರಿನಲ್ಲಿ ಶ್ವಾಸಕೋಶಕ್ಕೆ ಹಾನಿಮಾಡುವ ಐಸೊಸಯನೇಟ್ ಇರುತ್ತದೆ. ಬಟ್ಟೆಯ ಮುಖಗವಸು ಅದನ್ನು ತಡೆಯದು. ಬಣ್ಣ ಹೊಡೆಯುವವರಿಗೆ ತಕ್ಕ ಮಾಸ್ಕ್ ಕೊಡದ ಗ್ಯಾರೇಜಿಗೆ ಈ ಕೆಲಸ ವಹಿಸಬೇಡಿರಿ. ನಿಮ್ಮ ಕಡೆಯ ಬೇಸಿಗೆಯಲ್ಲಿ ನಿಧಾನವಾಗಿ ಆರುವ ಥಿನ್ನರ್ ಬಳಸದಿದ್ದರೆ ಬಣ್ಣ ತಗಡಿಗೆ ತಾಗುವ ಮೊದಲೇ ಒಣಗಿ ಮೇಲ್ಮೈ ಒರಟಾಗುತ್ತದೆ. ಹಳೆಯ ಎನ್‌ಸಿ ಪದರದ ಮೇಲೆ ನೇರವಾಗಿ ಪಿಯು ಹೊಡೆದರೆ ಕೆಳಗಿನದು ಸುಕ್ಕಾಗಿ ಎದ್ದುಬರುವ ಅಪಾಯವಿರುವುದರಿಂದ, ಡಿಕ್ಕಿಯ ಮುಚ್ಚಳದ ಒಳಬದಿಯಲ್ಲಿ ಅಂಗೈಯಗಲ ಹೊಡೆಸಿ, ಒಂದು ವಾರ ಬಿಟ್ಟು ನೋಡಿ ಮುಂದುವರಿಯಿರಿ.