ಎಡಗೈಯ ಕುಡುಗೋಲು, ಆಕಾಶದ ಏಡಿ

ಪ್ರಶ್ನೆ: ಯುರೋಪಿನ ಬರೋಕ್ ಕಾಲದ (ಸುಮಾರು 17ನೇ ಶತಮಾನದ) ಎನ್‌ಗ್ರೇವಿಂಗ್ ಒಂದರ, ಎಂದರೆ ಲೋಹದ ತಗಡಿನ ಮೇಲೆ ಕೆತ್ತಿ ಕಾಗದಕ್ಕೆ ಒತ್ತಿದ ಅಚ್ಚುಚಿತ್ರದ, ಪ್ರತಿಯನ್ನು ಪುಸ್ತಕದಲ್ಲಿ ನೋಡಿದೆ. ‘ಎಸ್ಟಾಸ್’, ಎಂದರೆ ಬೇಸಿಗೆ, ಎಂಬುದು ಅದರ ಶೀರ್ಷಿಕೆ. ಕೆಳಗೆ ಗೋಧಿಯ ಕೊಯ್ಲು, ಮೇಲೆ ಮೋಡಗಳ ನಡುವೆ ಏಡಿ, ಸಿಂಹ ಮತ್ತು ಕನ್ಯೆ. ಕೊಯ್ಯುವವರೆಲ್ಲ ಎಡಗೈಯಲ್ಲೇ ಕುಡುಗೋಲು ಹಿಡಿದಿದ್ದಾರೆ. ಅಂಚಿನಲ್ಲಿ ಮೂರು ಹೆಸರುಗಳಿವೆ. ಇದನ್ನು ಆ ಕಾಲದ ಜನಜೀವನದ ಸಾಕ್ಷಿಯೆಂದು ನಂಬಬಹುದೇ?

ಉತ್ತರ: ಎಡಗೈಯ ಗುಟ್ಟು ರೈತರಲ್ಲಿಲ್ಲ, ತಾಮ್ರದ ತಗಡಿನಲ್ಲಿದೆ. ಕೆತ್ತನೆಗಾರನು ಬ್ಯೂರಿನ್ ಎಂಬ ಮೊನಚಾದ ಉಕ್ಕಿನ ಉಳಿಯಿಂದ ತಗಡಿನ ಮೇಲೆ ಗೀರುಗಳನ್ನು ಕೊರೆಯುತ್ತಿದ್ದನು; ಆ ಗೀರುಗಳಲ್ಲಿ ಮಸಿ ತುಂಬಿ, ಮೇಲ್ಮೈಯನ್ನು ಒರೆಸಿ, ತೇವಗೊಳಿಸಿದ ಕಾಗದವನ್ನು ಹಾಸಿ ಉರುಳೆಗಳ ನಡುವೆ ಒತ್ತಿದಾಗ ತಗಡಿನ ಬಲಬದಿ ಕಾಗದದ ಎಡಬದಿಯಾಗಿ ಮೂಡುತ್ತಿತ್ತು. ಅಕ್ಷರಗಳನ್ನಂತೂ ತಿರುಗುಮುರುಗಾಗಿ ಕೆತ್ತಲೇಬೇಕಿತ್ತು. ಚಿತ್ರದ ವಿಷಯದಲ್ಲಿ ಎಲ್ಲರೂ ಅಷ್ಟು ಎಚ್ಚರ ವಹಿಸುತ್ತಿರಲಿಲ್ಲ. ಮೂಲ ರೇಖಾಚಿತ್ರದ ಬಲಗೈಯ ರೈತ ಅಚ್ಚಿನಲ್ಲಿ ಎಡಗೈಯವನಾದದ್ದು ಹೀಗೆ.

ಏಡಿ, ಸಿಂಹ, ಕನ್ಯೆಯರು ಕರ್ಕಾಟಕ, ಸಿಂಹ ಮತ್ತು ಕನ್ಯಾ ರಾಶಿಗಳು. ಪಾಶ್ಚಾತ್ಯ ಗಣನೆಯಲ್ಲಿ ಸೂರ್ಯನು ಜೂನ್ ಕೊನೆಯ ಭಾಗದಿಂದ ಸೆಪ್ಟೆಂಬರ್‌ವರೆಗೆ ಈ ಮೂರನ್ನು ಹಾದುಹೋಗುತ್ತಾನೆ. ಅಲ್ಲಿನ ಬೇಸಿಗೆ ಅದೇ, ಹುಲ್ಲು ಒಣಗಿಸುವ ಮತ್ತು ಗೋಧಿ ಕೊಯ್ಯುವ ಕಾಲವೂ ಅದೇ. ತಿಂಗಳಿಗೊಂದು ಕೆಲಸವನ್ನು ಜೋಡಿಸುವ ಈ ಪದ್ಧತಿ ಬರೋಕ್‌ಗಿಂತ ಬಹಳ ಹಳೆಯದು. 15ನೇ ಶತಮಾನದ ಆರಂಭದಲ್ಲಿ ಲಿಂಬೂರ್ಗ್ ಸಹೋದರರು ಫ್ರಾನ್ಸಿನ ಬೆರಿ ಪ್ರಭುವಿಗಾಗಿ ಚಿತ್ರಿಸಿದ ಪ್ರಾರ್ಥನಾ ಪುಸ್ತಕದಲ್ಲಿಯೇ ಜೂನ್‌ಗೆ ಹುಲ್ಲಿನ ಕೊಯ್ಲು, ಜುಲೈಗೆ ಗೋಧಿಯ ಕೊಯ್ಲು ಮತ್ತು ಕುರಿಯ ಉಣ್ಣೆ ಕತ್ತರಿಸುವ ಕೆಲಸ ಕಾಣಿಸುತ್ತದೆ.

ಅರಮನೆಯ ಪುಸ್ತಕದಲ್ಲಿದ್ದ ಈ ಚಿತ್ರಮಾಲೆಯನ್ನು ಪೇಟೆಯ ಗೋಡೆಗೆ ತಂದವರು ಮುದ್ರಣಕಾರರು. ನೆದರ್‌ಲ್ಯಾಂಡ್ಸ್‌ನ ಚಿತ್ರಕಾರ ಪೀಟರ್ ಬ್ರೂಗೆಲ್ 1568ರಲ್ಲಿ ಬರೆದ ‘ಬೇಸಿಗೆ’ಯ ರೇಖಾಚಿತ್ರವನ್ನು ಪೀಟರ್ ವಾನ್ ಡೆರ್ ಹೇಡನ್ ಕೆತ್ತಿದನು, ಆಂಟ್‌ವರ್ಪ್ ನಗರದ ಪ್ರಕಾಶಕ ಹಿರೋನಿಮಸ್ ಕಾಕ್‌ನ ಅಂಗಡಿಯಿಂದ ಅದು ಹೊರಬಂದಿತು. ಅದರಲ್ಲಿ ದೊಡ್ಡ ಹೂಜಿಯನ್ನು ಎತ್ತಿ ಗಟಗಟನೆ ಕುಡಿಯುತ್ತಿರುವ ಕೂಲಿಯವನ ಪಾದವೂ ಅವನ ಉದ್ದ ಹಿಡಿಯ ಕತ್ತಿಯೂ ಚೌಕಟ್ಟನ್ನು ದಾಟಿ ಕೆಳಗಿನ ಬರಹದವರೆಗೆ ಚಾಚಿವೆ. ಸೆಕೆಯನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಕಪ್ಪು-ಬಿಳುಪು ಚಿತ್ರವನ್ನು ನಾನು ಕಂಡಿಲ್ಲ. ಅದು ಬರೋಕ್‌ಗಿಂತ ಒಂದು ತಲೆಮಾರು ಹಿಂದಿನದಾದರೂ ಮುಂದಿನವರು ಈ ಬಗೆಯ ಚಿತ್ರಗಳನ್ನೇ ಕಣ್ಣಮುಂದಿಟ್ಟುಕೊಂಡು ಬೆಳೆದರು.

ಅಂಚಿನ ಮೂರು ಹೆಸರುಗಳ ಮುಂದೆ ‘ಇನ್ವೆನಿಟ್’, ‘ಸ್ಕಲ್ಪ್‌ಸಿಟ್’, ‘ಎಕ್ಸ್‌ಕ್ಯೂಡಿಟ್’ ಎಂಬ ಲ್ಯಾಟಿನ್ ಪದಗಳ ಮೊಟಕು ರೂಪಗಳಿರಬೇಕು. ಕ್ರಮವಾಗಿ ಕಲ್ಪಿಸಿದವನು, ಕೆತ್ತಿದವನು, ಪ್ರಕಟಿಸಿದವನು. ಸಾಕ್ಷಿಯ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ: ಕೆತ್ತಿದವನು ಹೊಲಕ್ಕೆ ಹೋಗಿರಲೇಬೇಕೆಂದಿಲ್ಲ, ಪ್ರಕಟಿಸಿದವನ ಕಣ್ಣು ಕೊಳ್ಳುವ ಪಟ್ಟಣಿಗನ ಮೇಲಿತ್ತು. ಆದ್ದರಿಂದ ದುಂಡುಮುಖದ ನಗುವ ರೈತರನ್ನು ನಾನು ಸುಲಭವಾಗಿ ನಂಬಲಾರೆ. ಆದರೆ ಸಿವುಡು ಕಟ್ಟಿದ ರೀತಿ, ಬಂಡಿಯ ಗಾಲಿ, ಕತ್ತಿಯ ಹಿಡಿ, ಟೋಪಿಯ ಅಂಚು ಇವುಗಳಲ್ಲಿ ಸುಳ್ಳು ಹೇಳಿ ಯಾರಿಗೂ ಲಾಭವಿರಲಿಲ್ಲವಾದ್ದರಿಂದ ಅವನ್ನು ಹೆಚ್ಚು ನೆಚ್ಚುತ್ತೇನೆ. ಎಲ್ಲ ಋತುಚಿತ್ರಗಳೂ ಹೊಲವನ್ನೇ ತೋರಿಸುತ್ತಿರಲಿಲ್ಲ: ಪ್ರಾಗ್‌ನಲ್ಲಿ ಹುಟ್ಟಿದ ಅಚ್ಚುಚಿತ್ರಕಾರ ವೆನ್ಸೆಸ್ಲಾಸ್ ಹಾಲರ್ 1640ರ ದಶಕದ ಆರಂಭದಲ್ಲಿ ಲಂಡನ್ನಿನಲ್ಲಿ ಋತುಗಳನ್ನು ಚಿತ್ರಿಸಿದಾಗ ಹೊಲವನ್ನೇ ಕೈಬಿಟ್ಟು, ಬೇಸಿಗೆಯೆಂದು ಬೀಸಣಿಗೆ ಹಿಡಿದ ಸಿರಿವಂತ ಹೆಣ್ಣೊಬ್ಬಳನ್ನು ನಿಲ್ಲಿಸಿದನು.